ಅಮ್ಮಿಯ ಮಡಿಲಲ್ಲೇ ಇರುವ ಪೀಚ್ ಬಣ್ಣ

ಹೀಗೊಂದು ದೃಶ್ಯವನ್ನು ಕಲ್ಪಿಸಿಕೊಳ್ಳಿ. ಮಗಳ ನಿಕಾಹ್‌ಗೆ ಇನ್ನು ಒಂದೂವರೆ ತಿಂಗಳಿದೆ. ಮಗಳು ಮೊಬೈಲ್ ಹಿಡಿದುಕೊಂಡು ಬಂದು, “ಅಮ್ಮೀ, ಇಲ್ಲಿ ನೋಡಿ. ದುಲ್ಹನ್ ಕೈಯಲ್ಲಿ ಪೀಚ್ ಬಣ್ಣದ ಹೂಗುಚ್ಛ. ದುಲ್ಹಾನ ಶೇರ್ವಾನಿಯ ಮೇಲೂ ಅದೇ ಬಣ್ಣದ ಪುಟ್ಟ ಹೂ. ನನಗೂ ಹೀಗೇ ಬೇಕು” ಎನ್ನುತ್ತಾಳೆ. ಅಲಂಕಾರದವರನ್ನು ಕೇಳಿದರೆ ಆ ಗುಲಾಬಿ ಬೆಂಗಳೂರಿನಿಂದ ಬರಬೇಕು, ಐಸ್ ಪೆಟ್ಟಿಗೆಯಲ್ಲಿ ತರಬೇಕು, ಮುಂಗಡ ಕೊಡಬೇಕು ಎನ್ನುತ್ತಾರೆ. ಮೊತ್ತ ಕೇಳಿದ ಅಬ್ಬಾ ಏನೂ ಹೇಳದೆ ಎದ್ದು ಅಂಗಳಕ್ಕೆ ಹೋಗುತ್ತಾರೆ. ಅಮ್ಮಿ ತಲೆ ತಗ್ಗಿಸಿ ತನ್ನ ಕೆಲಸ ಮುಂದುವರಿಸುತ್ತಾಳೆ. ವ್ಯಾಪಾರಿ ಬೆಳಿಗ್ಗೆ ಕೊಟ್ಟು ಹೋದ ಕನಕಾಂಬರವನ್ನು ಸಂಜೆಯೊಳಗೆ ಕಟ್ಟಿ ಮುಗಿಸಬೇಕು.

ಸಹೋದರಿಯರೇ, ಆ ಅಮ್ಮಿಯ ಮಡಿಲಲ್ಲಿರುವ ಹೂವನ್ನು ಒಮ್ಮೆ ನೋಡಿ. ಮಗಳು ಮೊಬೈಲಿನಲ್ಲಿ ತೋರಿಸಿದ ಬಣ್ಣಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸವಿದೆ?

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಮೊಹಲ್ಲಾಗಳಲ್ಲಿ ವಾಸಿಸುವವರಿಗೆ ಇದು ದೂರದ ಮಾತಲ್ಲ. ಇಲ್ಲಿ ಹೂ ಬೆಳೆಯುವವರಿದ್ದಾರೆ, ಮನೆಯಲ್ಲೇ ಕೂತು ಹೂ ಕಟ್ಟುವ ಹೆಂಗಸರಿದ್ದಾರೆ, ಮದುವೆಯ ಖರ್ಚಿಗೆ ಹೆದರಿ ನಿದ್ದೆಗೆಟ್ಟ ತಂದೆಯರೂ ಇದ್ದಾರೆ. ಈ ಮೂವರನ್ನೂ ಒಂದೇ ಹೂಗುಚ್ಛ ಹೇಗೆ ಸೇರಿಸಬಹುದು ಎಂಬುದೇ ಈ ಲೇಖನದ ವಿಷಯ.

ಎಲ್ಲಿಂದ ಬಂತು ಈ ಬಣ್ಣ?

ಪೀಚ್ ಎಂದರೆ ಕೇಸರಿ ಬಣ್ಣಕ್ಕೆ ಹಾಲು ಬೆರೆಸಿದಂತೆ ಕಾಣುವ ತಿಳಿ ಬಣ್ಣ. ಕಣ್ಣಿಗೆ ಹೊಡೆಯುವುದಿಲ್ಲ, ಎಲ್ಲ ಮೈಬಣ್ಣಕ್ಕೂ ಒಪ್ಪುತ್ತದೆ. ಕೆಂಪು, ಹಸಿರು ಜರತಾರಿ ಉಡುಪು ಬೇಡವೆನ್ನುವ ಹುಡುಗಿಯರು ಕೆಲವು ವರ್ಷಗಳಿಂದ ಇದನ್ನೇ ಆರಿಸುತ್ತಿದ್ದಾರೆ. ಬಣ್ಣಗಳ ವಿಷಯದಲ್ಲಿ ಜಗತ್ತಿನ ಉಡುಪು ಉದ್ಯಮಕ್ಕೆ ದಾರಿ ತೋರಿಸುವ ಪ್ಯಾಂಟೋನ್ ಸಂಸ್ಥೆ 2024ನೇ ವರ್ಷದ ಬಣ್ಣವೆಂದು ‘ಪೀಚ್ ಫಝ್’ ಅನ್ನು ಘೋಷಿಸಿದ ಮೇಲಂತೂ ಇದು ಸಣ್ಣ ಊರಿನ ಬಟ್ಟೆ ಅಂಗಡಿಯವರೆಗೂ ಬಂತು.

ವಧುವಿನ ಕೈಗೆ ಹೂಗುಚ್ಛ, ವರನ ಎದೆಗೆ ಅದೇ ಹೂ ಎಂಬ ಪದ್ಧತಿ ಯುರೋಪಿನದು. 1840ರಲ್ಲಿ ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಕಿತ್ತಳೆ ಹೂವಿನ ಅಲಂಕಾರದಲ್ಲಿ ಮದುವೆಯಾದಾಗ ಆ ಹೂ ದೇಶದೇಶಗಳಲ್ಲಿ ರೂಢಿಗೆ ಬಂತು. ಎದೆಯ ಮೇಲಿನ ಹೂ ಎಂದರೆ ನಮಗೆ ನೆನಪಾಗುವುದು ಜವಾಹರಲಾಲ್ ನೆಹರೂ. ಅವರ ಅಚ್ಕನ್‌ನ ಗುಂಡಿಗೆ ಸಿಕ್ಕಿಸಿದ ಗುಲಾಬಿಯನ್ನು ಶಾಲೆಯ ಮಕ್ಕಳೂ ಬಲ್ಲರು. ನಮ್ಮ ಕಡೆಯ ಮದುವೆಗಳಲ್ಲಿ ಈ ಕೆಲಸವನ್ನು ಸೆಹ್ರಾ, ಹಾರ ಮತ್ತು ಗಜ್ರಾಗಳು ಮಾಡುತ್ತಿದ್ದವು. ಸೆಹ್ರಾ ಆಗಲಿ, ಹೂಗುಚ್ಛವಾಗಲಿ ಎರಡೂ ರೂಢಿಯಿಂದ ಬಂದವು. ಧರ್ಮವು ಎರಡನ್ನೂ ಕಡ್ಡಾಯ ಮಾಡಿಲ್ಲ. ಆದ್ದರಿಂದ ‘ಇದು ನಮ್ಮದು, ಅದು ಅವರದು’ ಎಂಬ ಜಗಳಕ್ಕಿಂತ ‘ಇದರ ಭಾರ ಯಾರ ಹೆಗಲ ಮೇಲೆ ಬೀಳುತ್ತದೆ?’ ಎಂದು ಕೇಳುವುದು ಮೇಲು.

ತೋಟದ ಊರಿನ ಮಕ್ಕಳು ನಾವು

ಹೂವಿನ ವಿಷಯದಲ್ಲಿ ನಮ್ಮ ಸೀಮೆ ಬಡವಾದುದಲ್ಲ. 1687ರಲ್ಲಿ ಮೊಘಲರು ಶಿರಾವನ್ನು ತಮ್ಮ ಸುಬಾದ ಕೇಂದ್ರವನ್ನಾಗಿ ಮಾಡಿಕೊಂಡರು. ಅಲ್ಲಿನ ಮಲಿಕ್ ರಿಹಾನ್ ಗೋರಿ ಮತ್ತು 1696ರ ಜುಮ್ಮಾ ಮಸೀದಿ ಆ ಕಾಲಘಟ್ಟದ ಆಸುಪಾಸಿನ ಕಟ್ಟಡಗಳು. ಶಿರಾದಲ್ಲಿ ಮೊಘಲ್ ಶೈಲಿಯ ಉದ್ಯಾನವೊಂದಿತ್ತು. 1760ರಲ್ಲಿ ಹೈದರ್ ಅಲಿ ಬೆಂಗಳೂರಿನಲ್ಲಿ ಲಾಲ್‌ಬಾಗ್ ಆರಂಭಿಸಿದಾಗ ಅದಕ್ಕೆ ಈ ಶಿರಾದ ತೋಟವೇ ಮಾದರಿಯಾಯಿತೆಂದು ಇತಿಹಾಸಕಾರರು ಬರೆದಿದ್ದಾರೆ. ಇಂದು ಸ್ವಾತಂತ್ರ್ಯ ದಿನ, ಗಣರಾಜ್ಯ ದಿನಗಳ ಫಲಪುಷ್ಪ ಪ್ರದರ್ಶನ ನೋಡಲು ನಾವು ಬಸ್ಸು ಹತ್ತಿ ಲಾಲ್‌ಬಾಗ್‌ಗೆ ಹೋಗುತ್ತೇವೆ. ಆ ತೋಟಕ್ಕೆ ಮಾದರಿ ಹೋದದ್ದು ನಮ್ಮ ಊರಿನಿಂದ ಎಂಬುದು ಎಷ್ಟು ಜನರಿಗೆ ಗೊತ್ತು?

ಈಗ ಆ ತೋಟವಿಲ್ಲ. ನಮ್ಮದು ಮಳೆ ಕಡಿಮೆಯ ಸೀಮೆ. ಪಾವಗಡವಂತೂ ಬರಕ್ಕೆ ಹೆಸರಾದ ತಾಲ್ಲೂಕು. ಹೊಲದಲ್ಲಿ ಮಳೆ ನಂಬಿ ಶೇಂಗಾ ಬಿತ್ತುತ್ತಾರೆ. ಬೋರ್‌ವೆಲ್‌ನಲ್ಲಿ ಅಲ್ಪಸ್ವಲ್ಪ ನೀರಿರುವವರು ಹತ್ತಿಪ್ಪತ್ತು ಗುಂಟೆಯಲ್ಲಿ ಕನಕಾಂಬರ, ಕಾಕಡ, ಸೇವಂತಿಗೆ, ಚೆಂಡು ಹೂ ಬೆಳೆಯುತ್ತಾರೆ. ಶೇಂಗಾ ವರ್ಷಕ್ಕೊಮ್ಮೆ ಕಾಸು ಕೊಟ್ಟರೆ, ಹೂ ಎರಡು ದಿನಕ್ಕೊಮ್ಮೆ ಕೊಡುತ್ತದೆ. ಸಣ್ಣ ರೈತನ ಮನೆಯ ಸಕ್ಕರೆ, ಎಣ್ಣೆ, ಮಕ್ಕಳ ಬಸ್ ಚಾರ್ಜು ನಡೆಯುವುದು ಇದರಿಂದಲೇ.

ಕನಕಾಂಬರದ ಗುಣ

ಕರಾವಳಿಯ ಓದುಗರು ಅಬ್ಬಲಿಗೆ ಎಂದು ಕರೆಯುವ ಹೂ ಇದೇ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ತವರು. ಗಿಡದ ತೆನೆಯಲ್ಲಿ ಕೆಳಗಿನಿಂದ ಮೇಲಕ್ಕೆ ದಿನಗಟ್ಟಲೆ ಒಂದೊಂದೇ ಜೋಡಿಯಾಗಿ ಅರಳುತ್ತಾ ಹೋಗುತ್ತದೆ. ಎರಡು ದಿನಕ್ಕೊಮ್ಮೆ ಮುಂಜಾನೆ ಬಿಸಿಲೇರುವ ಮೊದಲು ಬಿಡಿಸುತ್ತಾರೆ. ಎಷ್ಟು ಹಗುರವೆಂದರೆ ಒಂದು ಕಿಲೋ ತೂಗಬೇಕಾದರೆ ಸುಮಾರು 15 ಸಾವಿರ ಹೂ ಬೇಕು. ಮಾರುಕಟ್ಟೆಯಲ್ಲಿ ಅದರ ಕಿಲೋ ಬೆಲೆ ಕೇಳಿ ಹೌಹಾರುವವರು ಅಷ್ಟು ಹೂವನ್ನು ಬಗ್ಗಿ ಬಗ್ಗಿ ಬಿಡಿಸಿದ ಕೈಗಳನ್ನೂ ನೆನೆಯಬೇಕು.

ನಮ್ಮಲ್ಲಿ ಸಾಮಾನ್ಯ ಕಿತ್ತಳೆ ಬಣ್ಣದ ತಳಿ ಮತ್ತು ಕಡ್ಡಿ ನೆಟ್ಟು ಬೆಳೆಸುವ ‘ಡೆಲ್ಲಿ ಕನಕಾಂಬರ’ ಎರಡೂ ಬಳಕೆಯಲ್ಲಿವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಅಂಬರ, ಅರ್ಕಾ ಕನಕ ಮುಂತಾದ ತಳಿಗಳನ್ನು ಬಿಡುಗಡೆ ಮಾಡಿದೆ. ಬೇರಿಗೆ ಜಂತುಹುಳುವಿನ ಬಾಧೆ ಮತ್ತು ಸೊರಗು ರೋಗ ಈ ಬೆಳೆಯ ದೊಡ್ಡ ಶತ್ರುಗಳು. ತೋಟ ಚೆನ್ನಾಗಿದೆ ಎಂದುಕೊಳ್ಳುವಷ್ಟರಲ್ಲಿ ಗಿಡಗಳು ಒಣಗಿ ನಿಂತಿರುತ್ತವೆ.

ಮದುವೆಗೆ ಈ ಹೂ ಒಗ್ಗಲು ಮುಖ್ಯ ಕಾರಣ, ಇದು ಬೇಗ ಬಾಡುವುದಿಲ್ಲ. ಮಲ್ಲಿಗೆ ರಾತ್ರಿ ಅರಳಿ ಬೆಳಿಗ್ಗೆ ಕಂದುತ್ತದೆ. ಕನಕಾಂಬರ ಕಟ್ಟಿದ ಮರುದಿನವೂ ಬಣ್ಣ ಉಳಿಸಿಕೊಳ್ಳುತ್ತದೆ. ಅದಕ್ಕಿರುವ ಒಂದೇ ಕೊರತೆ ಪರಿಮಳ. ಆ ಕೊರತೆಯನ್ನು ನಮ್ಮ ಹಿರಿಯರು ಮರುಗ ಅಥವಾ ದವನದ ಎಸಳು ಸೇರಿಸಿ ಕಟ್ಟಿ ಎಂದೋ ತುಂಬಿದ್ದಾರೆ.

ಕಿತ್ತಳೆಯಿಂದ ಪೀಚ್‌ಗೆ

ಕನಕಾಂಬರವೊಂದನ್ನೇ ಕಟ್ಟಿದರೆ ಬಣ್ಣ ಗಾಢವಾಗಿ ಕಾಣುತ್ತದೆ. ಅದನ್ನು ತಿಳಿಯಾಗಿಸುವ ಗುಟ್ಟು ಬಿಳಿ ಹೂವಿನಲ್ಲಿದೆ. ಎರಡು ಜೊತೆ ಕನಕಾಂಬರಕ್ಕೆ ಒಂದು ಜೊತೆ ಕಾಕಡ ಮೊಗ್ಗು ಸೇರಿಸಿ ಒತ್ತಾಗಿ ಕಟ್ಟಿ ನೋಡಿ. ನಾಲ್ಕು ಹೆಜ್ಜೆ ದೂರ ನಿಂತು ನೋಡಿದರೆ ಎರಡೂ ಬೆರೆತು ಪೀಚ್ ಬಣ್ಣವೇ ಕಣ್ಣಿಗೆ ಬೀಳುತ್ತದೆ. ಇನ್ನೂ ತಿಳಿ ಬೇಕಾದರೆ ಸಮಪಾಲು ಸೇರಿಸಿ.

ಮದುವೆಗೆ ವಾರ ಮೊದಲೇ ಒಂದೊಂದು ಮೊಳ ಕಟ್ಟಿ, ವಧುವಿನ ಉಡುಪಿನ ಮೇಲಿಟ್ಟು ಹಗಲು ಬೆಳಕಿನಲ್ಲೂ ಟ್ಯೂಬ್‌ಲೈಟಿನಲ್ಲೂ ನೋಡಿ. ಬಣ್ಣದ ಶಾಮಿಯಾನದ ಕೆಳಗೆ ಹೂವಿನ ಬಣ್ಣವೇ ಬೇರೆಯಾಗಿ ಕಾಣುವುದುಂಟು. ಎಲ್ಲಕ್ಕಿಂತ ಮುಖ್ಯವಾಗಿ, ಈ ಪರೀಕ್ಷೆಯಲ್ಲಿ ಮಗಳನ್ನು ಜೊತೆಗೆ ಕೂರಿಸಿಕೊಳ್ಳಿ. ಅವಳ ಆಸೆಯನ್ನು ಗದರಿಸಿ ಅಡಗಿಸುವುದಕ್ಕಿಂತ ಅವಳ ಕೈಗೇ ನೂಲು ಕೊಡುವುದು ಒಳ್ಳೆಯದು.

ವಧುವಿನ ಹೂಗುಚ್ಛ: ಹೆಬ್ಬೆರಳು ದಪ್ಪದ ಒಂದು ಗೇಣು ಬಿದಿರು ಕಡ್ಡಿಯ ತುದಿಗೆ ಬಾಳೆನಾರು ಅಥವಾ ಹಳೆಯ ಬಟ್ಟೆಯನ್ನು ಸುತ್ತಿ ದೊಡ್ಡ ಕಿತ್ತಳೆ ಹಣ್ಣಿನ ಗಾತ್ರದ ಚೆಂಡು ಮಾಡಿ. ಒತ್ತಾಗಿ ಕಟ್ಟಿದ ನಾಲ್ಕೈದು ಮೊಳ ಹೂವನ್ನು ಮೇಲಿನಿಂದ ಸುರುಳಿಯಾಗಿ ಸುತ್ತುತ್ತಾ ಬಂದು, ಅಲ್ಲಲ್ಲಿ ಸೂಜಿದಾರದಿಂದ ಹೊಲಿಯಿರಿ. ಚೆಂಡಿನ ಕೆಳಗೆ ಮರುಗದ ಎಸಳುಗಳನ್ನು ಸುತ್ತಲೂ ಕಟ್ಟಿ. ಅಲ್ಲಲ್ಲಿ ಸುಗಂಧರಾಜದ ಬಿಡಿ ಮೊಗ್ಗು ಚುಚ್ಚಿದರೆ ಅಂದ ಮತ್ತು ಪರಿಮಳ ಎರಡೂ ಬರುತ್ತವೆ. ವಧುವಿನ ಉಡುಪು ಹೊಲಿದು ಉಳಿದ ಬಟ್ಟೆಯ ತುಂಡನ್ನು ಹಿಡಿಕೆಗೆ ಸುತ್ತಿ.

ವರನ ಎದೆಯ ಹೂ: ರಟ್ಟನ್ನು ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾಗಿ ದುಂಡಗೆ ಕತ್ತರಿಸಿ. ಅದಕ್ಕೂ ವಧುವಿನ ಉಡುಪಿನ ಬಟ್ಟೆಯ ತುಂಡನ್ನೇ ಹೊದಿಸಿ. ಗೇಣುದ್ದದ ಹೂಮಾಲೆಯನ್ನು ಸುರುಳಿ ಸುತ್ತಿ ಅದರ ಮೇಲೆ ಹೊಲಿಯಿರಿ. ಹಿಂದಿನಿಂದ ಒಂದೆರಡು ಮರುಗದ ಎಸಳು ಇಣುಕುವಂತಿರಲಿ. ಬೆನ್ನಿಗೆ ಪಿನ್ನು ಹೊಲಿದು ಶೇರ್ವಾನಿಯ ಎಡಗಡೆಗೆ ಸಿಕ್ಕಿಸಿ. ಒಂದೇ ಹೂ, ಒಂದೇ ಬಟ್ಟೆ ಆದ್ದರಿಂದ ಜೋಡಿ ತಾನಾಗಿ ಹೊಂದುತ್ತದೆ. ಇಬ್ಬರ ತಂದೆಯರಿಗೂ ಇಂತಹದೇ ಒಂದೊಂದು ಮಾಡಿ. ತಾಯಂದಿರ ಕೈಗೆ ಚಿಕ್ಕ ಗಜ್ರಾ ಸಾಕು.

ಹೂ ಕೆಡದಂತೆ: ಹೂ ಬಿಡಿಸಿದ ದಿನವೇ ಕಟ್ಟಿ. ಕಟ್ಟುವ ಮೊದಲು ಬಿಳಿ ಬಟ್ಟೆಯ ಮೇಲೆ ಹರಡಿ ಕೊಡವಿದರೆ ಇರುವೆಗಳು ಹೋಗುತ್ತವೆ. ಹೂವಿನ ಮೇಲೆ ನೀರು ಸುರಿಯಬೇಡಿ. ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಅಥವಾ ಬಾಳೆಲೆಯಲ್ಲಿ ಸಡಿಲವಾಗಿ ಸುತ್ತಿ ತಂಪಾದ ಕಡೆ ಇಡಿ. ಅಂಗಡಿಯ ಹೂಗುಚ್ಛಗಳಲ್ಲಿ ಹೂ ಚುಚ್ಚಲು ಬಳಸುವ ಹಸಿರು ಸ್ಪಂಜು ಒಂದು ಬಗೆಯ ಪ್ಲಾಸ್ಟಿಕ್. ಅದು ಮಣ್ಣಿನಲ್ಲಿ ಕರಗುವುದಿಲ್ಲ. ಬಾಳೆನಾರಿನ ಚೆಂಡಾದರೆ ಮದುವೆಯ ಮರುದಿನ ಗಿಡದ ಬುಡಕ್ಕೆ ಹಾಕಬಹುದು.

ಬಣ್ಣ, ಪರಿಮಳ ಮತ್ತು ಮಿತಿ

‘ಇದೆಲ್ಲ ನಮಗೇಕೆ? ನಿಕಾಹ್ ಸರಳವಾಗಿರಬೇಕಲ್ಲವೇ?’ ಎಂದು ಕೆಲವರು ಕೇಳಬಹುದು. ನಿಜ, ಸರಳವಾಗಿರಬೇಕು. ಆದರೆ ಸರಳತೆ ಎಂದರೆ ಸಂತೋಷವಿಲ್ಲದಿರುವುದಲ್ಲ.

ಹದೀಸ್‌ಗಳಲ್ಲಿ ಬರುವ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ಪ್ರಸಂಗವನ್ನು ನೆನಪಿಸಿಕೊಳ್ಳಿ. ಅವರ ಮೇಲೆ ಹಳದಿ ಸುಗಂಧದ್ರವ್ಯದ ಗುರುತನ್ನು ಕಂಡು ಪ್ರವಾದಿ ಮುಹಮ್ಮದ್(ಸ)ರು ಏನೆಂದು ವಿಚಾರಿಸಿದರು. ತಾವು ಮದುವೆಯಾದದ್ದಾಗಿಯೂ ಖರ್ಜೂರದ ಬೀಜದ ತೂಕದಷ್ಟು ಚಿನ್ನವನ್ನು ಮಹ್ರ್ ಕೊಟ್ಟದ್ದಾಗಿಯೂ ಅವರು ತಿಳಿಸಿದರು. ಪ್ರವಾದಿ(ಸ)ರು ಅವರಿಗಾಗಿ ಬರ್ಕತ್ ಬೇಡಿ, ಒಂದು ಕುರಿಯಿಂದಾದರೂ ವಲೀಮಾ ನಡೆಸಲು ಸೂಚಿಸಿದರು. ಈ ಪ್ರಸಂಗದಲ್ಲಿ ಮದುಮಗನ ಮೇಲೆ ಬಣ್ಣವಿದೆ, ಪರಿಮಳವಿದೆ, ಊಟವಿದೆ. ಸಾಲ ಮಾತ್ರ ಇಲ್ಲ. ವಧುವಿನ ತಂದೆಯ ಮೇಲೆ ಹೊರಿಸಿದ ಭಾರವೂ ಇಲ್ಲ. ಮಹ್ರ್ ಕೊಟ್ಟವನು ವರ, ವಲೀಮಾ ನಡೆಸಬೇಕಾದವನೂ ವರ.

ಸುವಾಸನೆಯ ಗಿಡವನ್ನು ಯಾರಾದರೂ ಕೊಟ್ಟರೆ ನಿರಾಕರಿಸಬಾರದು, ಅದು ಹೊರಲು ಹಗುರ ಮತ್ತು ಪರಿಮಳದಲ್ಲಿ ಉತ್ತಮ ಎಂಬ ಅರ್ಥದ ಪ್ರವಾದಿ ವಚನವೂ ಸಹೀಹ್ ಮುಸ್ಲಿಮ್‌ನಲ್ಲಿದೆ. ಹೂವಿನ ಉಡುಗೊರೆ ಹಗುರವಾಗಿರಬೇಕು ಎಂಬ ಮಾತು ನಮ್ಮ ಮದುವೆಗಳಿಗೆ ಎಷ್ಟು ಒಪ್ಪುತ್ತದೆ! ಇನ್ನೊಂದು ಕಡೆ, ದುಂದುವೆಚ್ಚದ ವಿರುದ್ಧ ಪವಿತ್ರ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯ ನೀಡಿದ ಎಚ್ಚರಿಕೆ ಬಹಳ ಕಟುವಾದುದು. ಒಂದು ಸಂಜೆಯ ಫೋಟೋಕ್ಕಾಗಿ ಬಡ್ಡಿಯ ಸಾಲ ಮಾಡುವ ಕುಟುಂಬಗಳು ಇದನ್ನು ಮರೆಯಬಾರದು.

ವರನ ಕಡೆಯವರಿಗೂ ಒಂದು ಮಾತು. “ನಮ್ಮ ಹುಡುಗನಿಗೆ ಇಂಥದ್ದೇ ಸೆಹ್ರಾ ಬೇಕು, ವೇದಿಕೆಗೆ ಇಷ್ಟು ಹೂ ಬೇಕು” ಎಂದು ಹುಡುಗಿಯ ಮನೆಗೆ ಹೇಳಿ ಕಳುಹಿಸುವುದು ಹೂವಿನ ಮರೆಯಲ್ಲಿ ಕೇಳುವ ವರದಕ್ಷಿಣೆಯೇ. ಮಗನ ಎದೆಯ ಹೂವಿನ ಖರ್ಚನ್ನಾದರೂ ಮಗನೇ ಕೊಡಲಿ.

ಆಷಾಢದಲ್ಲಿ ಕೇಳುವವರಿಲ್ಲದ ಹೂ

ಹೂ ಬೆಳೆಗಾರರನ್ನು ಕೇಳಿ ನೋಡಿ. ವರಮಹಾಲಕ್ಷ್ಮಿ, ಗೌರಿ ಗಣೇಶ, ದಸರಾ, ದೀಪಾವಳಿ ಬಂದರೆ ಹೂವಿನ ಬೆಲೆ ಗಗನಕ್ಕೇರುತ್ತದೆ. ಆಷಾಢ ಮತ್ತು ಪಿತೃಪಕ್ಷದಲ್ಲಿ ಹಿಂದೂ ಬಂಧುಗಳ ಮನೆಗಳಲ್ಲಿ ಮದುವೆ ನಡೆಯುವುದಿಲ್ಲ. ಆಗ ಬೆಲೆ ಕುಸಿಯುತ್ತದೆ. ಬಿಡಿಸಿದ ಕೂಲಿಯೂ ಹುಟ್ಟದೆ ಹೂವನ್ನು ಗಿಡದಲ್ಲೇ ಬಿಡುವ, ತಿಪ್ಪೆಗೆ ಸುರಿಯುವ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದುತ್ತೇವೆ.

ನಮಗೆ ಆ ಅಡ್ಡಿ ಇಲ್ಲ. ಚಾಂದ್ರಮಾನ ತಿಂಗಳುಗಳು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ನಮ್ಮ ಮದುವೆಯ ಕಾಲ ಎಲ್ಲ ಋತುಗಳಿಗೂ ಸುತ್ತಿ ಬರುತ್ತದೆ. ಇಸ್ಲಾಮಿನಲ್ಲಿ ಮದುವೆಗೆ ಅಶುಭವೆಂಬ ತಿಂಗಳೇ ಇಲ್ಲ. ಶವ್ವಾಲ್‌ನಲ್ಲಿ ಮದುವೆ ಒಳ್ಳೆಯದಲ್ಲವೆಂದು ಅರಬರು ನಂಬಿದ್ದ ಕಾಲದಲ್ಲಿ ಹಝ್ರತ್ ಆಯಿಶಾ(ರ)ರ ವಿವಾಹ ಅದೇ ಶವ್ವಾಲ್‌ನಲ್ಲಿ ನಡೆಯಿತು. ಹೀಗಿರುವಾಗ ಆಷಾಢದಲ್ಲಿ ಒಂದು ನಿಕಾಹ್ ಇಟ್ಟುಕೊಂಡರೆ ನಮಗೆ ಹೂ ಅಗ್ಗ. ಕೇಳುವವರಿಲ್ಲದ ದಿನಗಳಲ್ಲಿ ರೈತನಿಗೂ ಒಬ್ಬ ಗಿರಾಕಿ. ಆಗ ತೀರಾ ಚೌಕಾಸಿ ಮಾಡದೆ ಅವನ ಕೂಲಿ ಹುಟ್ಟುವ ಬೆಲೆ ಕೊಡುವುದು ನಮ್ಮ ಹೊಣೆ. ಹಬ್ಬದ ವಾರದಲ್ಲೇ ಮದುವೆ ಬಂದರೆ, ಹತ್ತು ಹದಿನೈದು ದಿನ ಮೊದಲೇ ಹತ್ತಿರದ ಬೆಳೆಗಾರರೊಬ್ಬರ ಜೊತೆ ಮಾತಾಡಿಟ್ಟುಕೊಳ್ಳಿ.

ಕಟ್ಟಿದ ಕೈಗೆ ಕೂಲಿ

ಕೊನೆಯದಾಗಿ, ಹೂ ಕಟ್ಟುವವರ ವಿಷಯ. ಬೀಡಿ ಕಟ್ಟಿ, ಹೂ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮ ಮೊಹಲ್ಲಾಗಳಲ್ಲಿದ್ದಾರೆ. ಮಾರಿಗಿಷ್ಟು ಎಂದು ಸಿಗುವ ಕೂಲಿ ಬಹಳ ಸಣ್ಣದು. ಕಟ್ಟಿದ ಹೂ ಯಾರ ಮುಡಿಗೆ ಹೋಯಿತೆಂದೂ ಅವರಿಗೆ ತಿಳಿಯದು. ಅದೇ ಕೈಗಳಿಗೆ ಒಂದು ಮದುವೆಯ ಹೂಗುಚ್ಛದ ಕೆಲಸ ಕೊಟ್ಟು ನೋಡಿ. ಬಿಡಿ ಹೂವಿನ ಬೆಲೆ ಬೇರೆ, ಕಟ್ಟಿದ ಕೆಲಸದ ಬೆಲೆ ಬೇರೆ ಎಂದು ಲೆಕ್ಕ ಹಾಕಿ ಗೌರವದಿಂದ ಕೊಡಿ. ‘ನಮ್ಮವಳೇ ತಾನೇ, ಖಾಲಾ ತಾನೇ’ ಎಂದು ಪುಕ್ಕಟೆ ಮಾಡಿಸಿಕೊಳ್ಳಬೇಡಿ. ಕೆಲಸಗಾರನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪಾಠ ಹೂವಿನ ಕೆಲಸಕ್ಕೂ ಅನ್ವಯಿಸುತ್ತದೆ.

ನಾಲ್ಕೈದು ಹೆಂಗಸರು ಸೇರಿದರೆ ಇದು ಒಂದು ಪುಟ್ಟ ಉದ್ಯೋಗವೂ ಆಗಬಹುದು. ಸ್ವಸಹಾಯ ಗುಂಪಿನ ಮೂಲಕ ವಧುವಿನ ಹೂಗುಚ್ಛ, ವರನ ಎದೆಯ ಹೂ, ಗಜ್ರಾ ಎಲ್ಲ ಸೇರಿಸಿ ಒಂದು ಜೋಡಿಗೆ ಇಷ್ಟು ಎಂದು ದರ ಗೊತ್ತು ಮಾಡಬಹುದು. ಮೊದಲು ಸಂಬಂಧಿಕರ ಮನೆಯ ಮದುವೆಯೊಂದಕ್ಕೆ ಮಾಡಿಕೊಡಿ. ಅಲ್ಲಿಗೆ ಬಂದವರೇ ಮುಂದಿನ ಗಿರಾಕಿಗಳಾಗುತ್ತಾರೆ.

ಈಗ ಮತ್ತೆ ಆ ಮನೆಗೆ ಬನ್ನಿ. ಮಗಳು ಇನ್ನೂ ಮೊಬೈಲ್ ಹಿಡಿದು ನಿಂತಿದ್ದಾಳೆ. ಅಮ್ಮಿ ಮಡಿಲಿನಿಂದ ಒಂದು ಮೊಳ ಕನಕಾಂಬರ ತೆಗೆದು, ಪಕ್ಕದ ಬುಟ್ಟಿಯ ಕಾಕಡ ಸೇರಿಸಿ ಸುರುಳಿ ಸುತ್ತಿ ಮಗಳ ಅಂಗೈಯಲ್ಲಿಡುತ್ತಾಳೆ. “ಬೇಟೀ, ಆ ಫೋಟೋದ ಪಕ್ಕದಲ್ಲಿಟ್ಟು ನೋಡು” ಎನ್ನುತ್ತಾಳೆ. ಮಗಳು ಎರಡನ್ನೂ ಹೋಲಿಸಿ ನೋಡುತ್ತಾಳೆ. ಆಮೇಲೆ ಅಂಗಳದ ಕಡೆ ತಿರುಗಿ, “ಅಬ್ಬಾ, ಸ್ವಲ್ಪ ಒಳಗೆ ಬನ್ನಿ” ಎಂದು ಕರೆಯುತ್ತಾಳೆ.

ಅಲ್ಲಾಹನು ನಮ್ಮ ಮನೆಗಳ ನಿಕಾಹ್‌ಗಳನ್ನು ಹಗುರವಾಗಿಯೂ ಬರ್ಕತ್ ತುಂಬಿದವಾಗಿಯೂ ಮಾಡಲಿ. ಆಮೀನ್.